ಕಡುಬಿನ ಹಂಡೆಗೆ ಕಾವಲು

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಲುಯೆನ್‌ಳಿಗೆ ನಿದ್ದೆ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಕಣ್ಣು ಹತ್ತಿ ತುಸು ಹೊತ್ತಾಗಿರುವುದಿಲ್ಲ, ಥಟ್ಟನೆ ಎಚ್ಚರ. ಮೀನಿನ ರಸದ ಜಾಡಿ ಮುಚ್ಚಿದೆನೇ? ಊಟದ ಹೊತ್ತಿಗೆ ಅತ್ತೆ ‘ಹೂಂ’ ಎಂದದ್ದು ಮೆಚ್ಚಿಯೋ, ಮುನಿದೋ? ನೋಡಿಬರಲು ಎದ್ದರೆ ನಾಯಿ ಬೊಗಳುತ್ತಿತ್ತು. ಅದಕ್ಕೆ ಬಾತುಕೋಳಿಗಳು ದನಿಗೂಡಿಸುತ್ತಿದ್ದವು.

“ಮಾರಾಯ್ತಿ, ನಿನ್ನ ಚಿಂತೆಗೆ ಬಾತುಗಳು ಮೊಟ್ಟೆ ಇಡೋದೇ ಬಿಟ್ಟಿವೆ,” ಎಂದು ಗಂಡ ತ್ವಾನ್ ಮಗ್ಗುಲಾಗುತ್ತಿದ್ದ.

ಹೊಸ ವರ್ಷದ ಟೆಟ್ ಹಬ್ಬ ಬಂತು. ಹಿರಿಯರ ಎಡೆಗೆ ಇಡುವ ಅಂಟಕ್ಕಿ ಕಡುಬು ಎಲೆಯ ಕಟ್ಟಿನಲ್ಲಿ ರಾತ್ರಿಯಿಡೀ ಬೇಯಬೇಕು. ನೀರು ಇಂಗಿದರೆ ಇಡೀ ಹಂಡೆಯೇ ಹಾಳು. ಪ್ರತಿ ವರ್ಷ ಕಾಯುತ್ತಿದ್ದವರು ಅತ್ತೆ ಖೂವೆ. ಈ ಸಲ ಎಲ್ಲರೆದುರೇ ಸೌಟನ್ನು ಸೊಸೆಯ ಕೈಗಿಟ್ಟರು.

“ಹೇಗೂ ಗೂಬೆ ಥರ ಎದ್ದೇ ಇರ್ತೀಯಲ್ಲೇ. ಆಗಾಗ ಬಿಸಿನೀರು ಹಾಕ್ತಾ ಇರು, ಸಾಕು.”

ಅತ್ತೆಯ ತಂಗಿ ಒಗ್ಗರಣೆ ಹಾಕಿದರು: “ಕಡುಬು ಸೀದ್ರೆ ಮನೆತನದ ಹೆಸರೇ ಸೀದ ಹಾಗೆ. ನೆನಪಿರ್ಲಿ ತಾಯಿ!”

ಲುಯೆನ್ ಒಲೆಯ ಮುಂದೆ ಚಾಪೆ ಹಾಸಿ ಕುಳಿತಳು. ಎಚ್ಚರವಿರುವುದೇ ಕೆಲಸವಾದ ಮೇಲೆ ಎಚ್ಚರವಾಯಿತೆಂದು ಹೆದರುವುದೇನು? ಮುಖಕ್ಕೆ ಬೆಂಕಿಯ ಹಿತವಾದ ಕಾವು. ಹಂಡೆ ಕೊತಕೊತನೆ ಏನೋ ಹೇಳುತ್ತಿತ್ತು. ಕೇಳುತ್ತ ಕೇಳುತ್ತ ಒಂದು ಕ್ಷಣ ಗೋಡೆಗೆ ಒರಗಿದಳು.

ಕಣ್ಣು ಬಿಟ್ಟರೆ ಬೆಳ್ಳಂಬೆಳಗು.

“ಅಯ್ಯೋ, ಕೆಟ್ಟೆ!” ಎಂದು ಹಾರಿ ಮುಚ್ಚಳ ತೆಗೆದಳು. ನೀರು ಅಂಚಿನವರೆಗೂ ಇತ್ತು. ಪಕ್ಕದಲ್ಲಿ ಸೌಟು ಹಿಡಿದು ಅತ್ತೆ ಕುಳಿತಿದ್ದರು, ಕಣ್ಣೆರಡೂ ಕೆಂಡ.

“ಏನು ಗೊರಕೆನೇ ನಿಂದು! ನಾಯಿ ಹೆದರಿ ಬೀದಿಗೆ ಹೋಗಿ ಮಲಗಿದೆ.”

“ಅತ್ತೆ, ನೀವು ಯಾವಾಗ ಎದ್ದು ಬಂದ್ರಿ?”

“ಮಲಗಿದ್ರೆ ತಾನೇ ಏಳೋದು! ನಿನಗೆ ಒಪ್ಪಿಸಿದ್ದೇ ತಡ, ಕಣ್ಣು ಹತ್ತಿದ್ರೆ ಕೇಳು. ಹತ್ತಿದ್ರೂ ಗಳಿಗೆಗೊಂದು ಸಲ ಎಚ್ಚರ. ನೀರಿದೆಯೋ, ಬೆಂಕಿ ಇದೆಯೋ, ಇವಳಿದ್ದಾಳೋ... ದಿನಾ ಹೇಗೆ ತಡ್ಕೊಳ್ತೀಯೇ ಇದನ್ನ?”

ಲುಯೆನ್ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು. “ಚಿಕ್ಕತ್ತೆಗೆ ಹೇಳ್ಬಿಡ್ತೀರಾ?”

“ಹುಚ್ಚಿ! ಹೇಳಿದ್ರೆ ಮುಂದಿನ ವರ್ಷಾನೂ ಇದು ನನ್ನ ತಲೆಗೇ. ಹೋಗು, ಕಣ್ಣ ಕೆಳಗೆ ಒಂಚೂರು ಮಸಿ ಬಳ್ಕೊ. ಮದುಮಗಳ ಹಾಗೆ ಹೊಳೀತಿದ್ರೆ ಯಾರು ನಂಬ್ತಾರೆ?”

ಎಡೆಯಾದ ಮೇಲೆ ಚಿಕ್ಕತ್ತೆ ಕಡುಬನ್ನು ಬಾಯಿಗಿಟ್ಟು, “ಪಾಪ, ಹುಡುಗಿ ಕಣ್ಣಿಗೆ ಕಣ್ಣು ಹಚ್ಚಿಲ್ಲ ನೋಡಿ. ಅಕ್ಕಾ, ನಿನಗೆ ಒಳ್ಳೇ ಸೊಸೆ ಸಿಕ್ಕಿದ್ಲು. ಹೌದು ತಾನೇ?” ಎಂದರು.

ಅಕ್ಕ ‘ಹೂಂ’ ಕೂಡ ಅನ್ನಲಿಲ್ಲ. ಅರ್ಧ ಕಡುಬು ಕೈಯಲ್ಲಿ ಹಿಡಿದು, ಕುಳಿತಲ್ಲೇ, ಊರಿಗೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತಿದ್ದರು.