ತೋಳಿನ ಮೇಲಿನ ಗೆರೆಗಳು

"ಎಷ್ಟ್ ಗಂಟಿಗಿ ಕಡದದ?"

ಡಾಂಬರು ರಸ್ತೆಯ ಬದಿಗೆ ಆಟೊ ನಿಲ್ಲಿಸಿಕೊಂಡು ಕಾದಿದ್ದವನು ಕೇಳಿದ ಮೊದಲ ಮಾತೇ ಅದು. ವೈಜಿನಾಥ ಅವನನ್ನು ಎಂದೂ ಕಂಡವನಲ್ಲ. ಊರವನೊಬ್ಬನ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ತಂದಿದ್ದ ಹೆಂಡತಿ ಸಕ್ಕುಬಾಯಿಯನ್ನು ಸೀಟಿನ ಮೇಲೆ ಒರಗಿಸುತ್ತ, ಒಂಬತ್ತೂವರೆ ಎಂದ. ಆಟೊದವನು ಜೇಬಿನಿಂದ ಪೆನ್ನು ತೆಗೆದು, ಬಾವು ಮುಟ್ಟಿದ್ದ ಕಡೆ ಅವಳ ಮಣಿಕಟ್ಟಿನ ಸುತ್ತ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದ.

ಹೆಸರುಕಾಯಿ ಬಿಡಿಸುವಾಗ ಗಿಡದ ಬುಡದಲ್ಲಿದ್ದ ಮಂಡಲದ ಹಾವು ಅವಳ ಬೆರಳಿಗೆ ಕಚ್ಚಿತ್ತು. ವೈಜಿನಾಥ ತಲೆಯ ವಸ್ತ್ರ ಬಿಚ್ಚಿ ತೋಳಿಗೆ ಬಿಗಿಯಹೋದ. ಮಂತ್ರ ಹಾಕುವವನ ಹತ್ತಿರ ಹೋಗೋಣ ಎಂದೂ ಅಂದ. ಪಕ್ಕದ ಹೊಲದ ಈಶಮ್ಮ ಅಡ್ಡ ಬಂದಳು.

"ಕಟ್ಟಬ್ಯಾಡ್ರಿ ಅಣ್ಣಾ. ಮಹಾದೇವ ಸರ್ ಹೇಳ್ಯಾರ. ಕೈ ಅಲುಗದಂಗ ಹಿಡಕೊಂಡು ನಡೀರಿ, ನಾ ಸರ್‌ಗ ಫೋನ್ ಮಾಡ್ತೀನಿ."

ಮಹಾದೇವ ಸರ್ ಎಂದರೆ ಜಹೀರಾಬಾದಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹನ್ನೆರಡು ವರ್ಷಗಳಿಂದ ಹಾವುಗಳ ಚಿತ್ರದ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರೂರು ತಿರುಗಿ, ಹಾವು ಕಚ್ಚಿದರೆ ಏನು ಮಾಡಬೇಕೆಂದು ಹೇಳುತ್ತಿದ್ದರು. ಹೋದ ವರ್ಷ ಈ ಊರಿಗೂ ಬಂದಿದ್ದರು. ಮುದುಕನಿಗೆ ಪಿಂಚಣಿ ತಿಂದು ಹೊತ್ತು ಹೋಗುವುದಿಲ್ಲ ಎಂದು ಕಟ್ಟೆಯ ಮೇಲೆ ನಕ್ಕವನು ವೈಜಿನಾಥನೇ. ಅವರಿಗೆ ಕೇಳಿಸಿತ್ತು. ಆದರೂ ಸುರುಳಿ ಬಿಚ್ಚಿದ್ದರು. ಕೊನೆಯವರೆಗೆ ಕೂತು ಕೇಳಿದವಳು ಈಶಮ್ಮ ಒಬ್ಬಳೇ.

ಆಟೊ ಕಂಗ್ಟಿ ಊರು ಮುಟ್ಟಿದಾಗ ಬಾಗಿಲು ತೆರೆದುಕೊಂಡೇ ಜೀಪು ನಿಂತಿತ್ತು. ಕೈಗೆ ಜೋಳದ ಹಿಟ್ಟು ಮೆತ್ತಿದ್ದ ಹೆಂಗಸೊಬ್ಬಳು ಓಡಿ ಬಂದು ಅದೇ ಪ್ರಶ್ನೆ ಕೇಳಿ, ಮೊಳಕೈಯ ಕೆಳಗೆ ಎರಡನೆಯ ಗೆರೆ ಎಳೆದಳು. ಮುಂದೆ ಒಂದು ಊರ ಹತ್ತಿರ ರಸ್ತೆಗೆ ಬರಲಿದ್ದ ಎಮ್ಮೆಗಳ ಹಿಂಡನ್ನು ಯಾರೋ ಆಗಲೇ ತಡೆದು ನಿಲ್ಲಿಸಿದ್ದರು. ಜೀಪು ವೇಗ ಇಳಿಸದೆ ದಾಟಿತು. ವೈಜಿನಾಥ ಹಿಂದಿರುಗಿ ನೋಡಿದ. ಕೋಲು ಹಿಡಿದು ನಿಂತವನು ಕೈ ಎತ್ತಿದ. ಇವರೆಲ್ಲ ಯಾರು, ಸಕ್ಕುಬಾಯಿ ಇವರಿಗೆ ಏನಾಗಬೇಕು?

ನಾರಾಯಣಖೇಡದ ದವಾಖಾನೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ಮಹಾದೇವ ಸರ್ ಖುದ್ದಾಗಿ ನಿಂತಿದ್ದರು. ಅಷ್ಟರಲ್ಲಿ ಸಕ್ಕುಬಾಯಿಯ ಒಸಡಿನಿಂದ ರಕ್ತ ಜಿನುಗತೊಡಗಿತ್ತು. ರಕ್ತ ಹೆಪ್ಪುಗಟ್ಟುತ್ತಿಲ್ಲ, ನೀರಿನಂತಾಗಿದೆ ಎಂದರು ಡಾಕ್ಟರು. ವಿಷಕ್ಕೆ ಮದ್ದು ಹನಿಹನಿಯಾಗಿ ಏರಿತು. ರಕ್ತ ಮತ್ತೆ ಹೆಪ್ಪುಗಟ್ಟುವುದೋ ಎಂದು ನೋಡಲು ಇನ್ನು ಆರು ತಾಸು ಕಾಯಬೇಕಿತ್ತು. ಸರ್ ಮನೆಗೆ ಹೋಗಲಿಲ್ಲ, ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತರು. ಹೋದ ವರ್ಷದ ಮಾತನ್ನು ಅವನು ಎತ್ತಲು ಹೋದರೆ, ಬೆಳಿಗ್ಗೆಯಿಂದ ಏನಾದರೂ ತಿಂದೆಯಾ ಎಂದು ವಿಚಾರಿಸಿದರು.

"ಇಷ್ಟು ಮಂದೀನ ಹ್ಯಾಂಗ ನಿಂದರಿಸೀರಿ ಸರ್?" ಎಂದು ಕೇಳಿದ ವೈಜಿನಾಥ.

ಸರ್ ತಲೆ ಅಲ್ಲಾಡಿಸಿದರು.

"ನಾ ಎಲ್ಲಿ ನಿಂದರಿಸೀನಪಾ. ಎಮ್ಮಿ ತಡದಾನಲ್ಲ, ಅವ ಶಿವಾಜಿ. ಅವನ ಮಗಳು ಹಾವು ಕಡದು ಹೋಗಿ ಎಂಟು ವರ್ಷ ಆತು."

ಐದೂವರೆಗೆ ಡಾಕ್ಟರು ಮತ್ತೆ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿದರು. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟಬಾರದು ಎಂದರು. ವೈಜಿನಾಥ ಕಣ್ಣು ಕೀಳದೆ ಅದನ್ನೇ ನೋಡುತ್ತ ನಿಂತ. ಹೊತ್ತಾದ ಮೇಲೆ ಡಾಕ್ಟರು ನಳಿಕೆಯನ್ನು ಎತ್ತಿ ಮೆಲ್ಲಗೆ ತಲೆಕೆಳಗು ಮಾಡಿದರು.

ರಕ್ತ ಕದಲಲಿಲ್ಲ. ತಳದಲ್ಲೇ ಗಟ್ಟಿಯಾಗಿ ಕೂತಿತ್ತು.

ಸರ್ ಅದನ್ನು ಇಸಿದುಕೊಂಡು ಒಮ್ಮೆ ಬೆಳಕಿಗೆ ಹಿಡಿದು ನೋಡಿ ವೈಜಿನಾಥನ ಅಂಗೈಯಲ್ಲಿಟ್ಟರು. ಹೊಲದ ಮಣ್ಣು ಇನ್ನೂ ಹೋಗಿರದ ಎರಡೂ ಕೈಗಳಲ್ಲಿ, ಗುಬ್ಬಿಯ ಮೊಟ್ಟೆ ಹಿಡಿದವನ ಹಾಗೆ, ಉಸಿರು ಬಿಗಿಹಿಡಿದು ವೈಜಿನಾಥ ನಿಂತೇ ಇದ್ದ.