ಯಾವ ಕಾಲಿಗೆ ಟೇಪು

"ಮದುಮಗಳ ಕಾಲು ಹೇಗಿದೆಯಪ್ಪಾ? ಮೆಹಂದಿ ಒಣಗಿತಾ, ಇಲ್ಲಾ ಭಾನುವಾರದವರೆಗೂ ಬಟ್ಟೆ ಸುತ್ಕೊಂಡೇ ಕೂತಿರ್ಬೇಕಾ?"

ಕೋಚ್ ಮುನ್ಸಿಫ್ ಇದನ್ನು ಕೇಳಿದ್ದು ಬಟ್ಟೆ ಬದಲಿಸುವ ಕೋಣೆಯ ನಟ್ಟನಡುವೆ ನಿಂತು, ಇಡೀ ತಂಡದ ಎದುರಿಗೆ. ಕೇಳಿದ್ದು ಶುಕ್ರಿಯನ್ನು. ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಗೋಲ್‌ಕೀಪರ್ ಎದ್ದು ನಿಂತು, ಟವಲನ್ನು ಪಾದಕ್ಕೆ ಸುತ್ತಿಕೊಂಡು, ಸೊಂಟ ಬಳುಕಿಸುತ್ತ ಎರಡು ಹೆಜ್ಜೆ ಹಾಕಿದ. ಮದುವೆ ಮನೆಯ ಹೆಂಗಸರಂತೆ ನಾಲಿಗೆ ಆಡಿಸಿ ಉಲುಲು ಎಂದು ಕೂಗಿದ.

ಶೂ ದಾರ ಬಿಚ್ಚುತ್ತಿದ್ದ ಶುಕ್ರಿ ಬಿಚ್ಚುತ್ತಲೇ ಇದ್ದ. ಮುಖ ಎತ್ತಲಿಲ್ಲ. ಕಿವಿ ಮಾತ್ರ ಕೆಂಡವಾಗಿತ್ತು. ಅವಮಾನದ ಲೆಕ್ಕ ಆಮೇಲೆ ನೋಡಿಕೊಳ್ಳಬಹುದು. ಅದಕ್ಕಿಂತ ದೊಡ್ಡದೊಂದು ಪ್ರಶ್ನೆ ಎದ್ದು ನಿಂತಿತ್ತು. ಕಾಲಿನ ವಿಷಯ ಇವನಿಗೆ ಹೇಳಿದವರು ಯಾರು?

ಎಡಗಾಲು ಉಳುಕಿ ನಾಲ್ಕು ವಾರವಾಗಿತ್ತು. ಅದು ಆಟದಲ್ಲಿ ಆದದ್ದಲ್ಲ. ಮಡಕೆ ಭಟ್ಟಿಯ ಹಿಂದಿನ ಗುಂಡಿಯಲ್ಲಿ ಜೇಡಿಮಣ್ಣು ತುಳಿಯುವಾಗ ಜಾರಿ ಆದದ್ದು. ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ನಿಝಾರ್. ಅದೇ ಗುಂಡಿಯಲ್ಲಿ ಜೊತೆಗೆ ಮಣ್ಣು ತುಳಿಯುವವನು, ತಂಡದಲ್ಲಿ ಶುಕ್ರಿಯ ಜಾಗಕ್ಕೇ ಬದಲಿ ಆಟಗಾರ. ಅವತ್ತು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದವನೂ ಅವನೇ. ಇನ್ನೊಬ್ಬರು ಬಶೀರ್, ತಂಡಕ್ಕೆ ಮಾಲೀಸು ಮಾಡುವ ಮುದುಕ. ಊರಿಗೆಲ್ಲ ಅವರು ಚಿಕ್ಕಪ್ಪ, ಎಲ್ಲರೂ ಕರೆಯುವುದು ಅಮ್ ಬಶೀರ್ ಎಂದೇ. ಬಿಸಿ ಆಲಿವ್ ಎಣ್ಣೆ ಹಚ್ಚಿ ಊತ ಇಳಿಸಿದ್ದು ಅವರು. ಇಬ್ಬರ ಹತ್ತಿರವೂ ಶುಕ್ರಿ ಬಾಯಿ ಬಿಡಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದ.

ಭಾನುವಾರ ಬಂದರಿನ ತಂಡದ ಜೊತೆ ಹ್ಯಾಂಡ್‌ಬಾಲ್ ಪಂದ್ಯ. ಅದನ್ನು ನೋಡುವುದಕ್ಕೆ ಟ್ಯೂನಿಸಿನ ದೊಡ್ಡ ಕ್ಲಬ್ಬಿನಿಂದ ಹಾತಿಮ್ ಎನ್ನುವವರು ಬರುವವರಿದ್ದರು. ಎಡಬದಿಯಿಂದ ಹಾರಿ ಚೆಂಡು ಎಸೆಯುವ ಒಬ್ಬ ಹುಡುಗ ಅವರಿಗೆ ಬೇಕಾಗಿದ್ದ. ಅವರು ಕೈಹಿಡಿದರೆ ಶುಕ್ರಿ ಆ ಗುಂಡಿಯಿಂದ ಶಾಶ್ವತವಾಗಿ ಮೇಲೆ ಬಂದಂತೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗುಂಡಿಗೆ ಇಳಿದವನು, ಎಂಟು ವರ್ಷ ತುಳಿದಿದ್ದ. ಭಾನುವಾರ ತಪ್ಪಿತೆಂದರೆ ಇನ್ನು ಮೂವತ್ತು ವರ್ಷ ಅದೇ ಮಣ್ಣು, ಚಳಿಗಾಲದಲ್ಲಿ ಅದೇ ಮರಗಟ್ಟಿದ ಬೆರಳು.

"ಟೇಪು ಕಟ್ಟಿದ ಕಾಲು ಸೋಮಾರಿ ಆಗುತ್ತೆ," ಎಂದು ಮುನ್ಸಿಫ್ ಇನ್ನೂ ಹೇಳುತ್ತಲೇ ಇದ್ದ. "ನಮ್ ಕಾಲದಲ್ಲಿ ಸಿಮೆಂಟ್ ನೆಲದ ಮೇಲೆ ಆಡ್ತಿದ್ವಿ. ಯಾರ ಕಾಲಿಗೂ ಬಟ್ಟೆ ಇರಲಿಲ್ಲ. ಗಂಡಸಾಗಿ ಆಡಿ."

ಗಂಡಸಾಗಿ ಆಡಬೇಕಂತೆ. ಅಧ್ಯಕ್ಷರ ಹೆಸರಿನ ಬೋರ್ಡಿಗೆ ವರ್ಷಕ್ಕೆ ಎರಡು ಸಲ ಬಣ್ಣ ಬಳಿಸುವ ಕ್ಲಬ್ಬು ಇದು. ಆಟಗಾರರಿಗೆ ಒಂದು ಸುರುಳಿ ಟೇಪು ತಂದಿಡುವ ಯೋಗ್ಯತೆ ಇಲ್ಲ. ಬೇಕಾದವನು ಔಷಧಿ ಅಂಗಡಿಯಿಂದ ತಾನೇ ತಂದುಕೊಳ್ಳಬೇಕು, ತಂದುಕೊಂಡರೆ ಹೆಣ್ಣಿಗ ಅನ್ನಿಸಿಕೊಳ್ಳಬೇಕು.

ಎಲ್ಲರೂ ಹೋದ ಮೇಲೆ ಅಮ್ ಬಶೀರ್ ಬೆಂಚಿನ ಮೇಲೆ ಪಕ್ಕದಲ್ಲಿ ಬಂದು ಕೂತರು. ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತ, "ಅವನ ಮಾತು ತಲೆಗೆ ಹಾಕ್ಕೋಬೇಡ ಮಗಾ," ಎಂದರು. "ಭಾನುವಾರ ಬೇಗ ಬಾ. ನಾನೇ ಕಟ್ತೀನಿ. ಕೂದಲು ಬೋಳಿಸಿ, ಹಿಮ್ಮಡಿ ಕೆಳಗಿಂದ ಎರಡೂ ಕಡೆಗೆ ಲಾಳದ ಹಾಗೆ ಎಳೆದು, ಮೇಲಿಂದ ಎಂಟರ ಹಾಗೆ ಸುತ್ತಿದ್ರೆ ಅಲ್ಲಾಡಲ್ಲ. ಅರ್ಧ ಆಟಕ್ಕೆ ಸಡಿಲ ಆಗುತ್ತೆ, ಬಿಚ್ಚಿ ಹೊಸದು ಕಟ್ಟೋಣ. ಒಂದ್ಸಲ ಉಳುಕಿದ ಕಾಲು, ಬರಿದೇ ಬಿಟ್ರೆ ಮತ್ತೆ ಉಳುಕುತ್ತೆ."

"ಟೇಪು ಕಂಡ್ರೆ ಆ ಟ್ಯೂನಿಸಿನವ್ರು ಏನಂತಾರೆ?"

"ಏನೂ ಅನ್ನಲ್ಲ. ಹಾತಿಮ್ ಸಾಹೇಬ್ರ ಹತ್ರ ನಾನು ಮಾತಾಡಿದೀನಿ, ಅವರು..."

ಮಾತಾಡಿದೀನಿ. ಆ ಒಂದು ಮಾತು ಶುಕ್ರಿಯ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮುದುಕ ಮುಂದೆ ಏನೇನೋ ಹೇಳುತ್ತಿದ್ದರು, ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೇ. ಯಾವಾಗ ಮಾತಾಡಿದ್ದು? ಯಾಕೆ? ಯಾರ ಪರವಾಗಿ? ನಿಝಾರನ ತಾಯಿ ಪ್ರತಿ ಶುಕ್ರವಾರ ಇವರ ಮನೆಗೆ ಕುಸ್ಕುಸ್ ಊಟ ಕಳಿಸುತ್ತಾಳಲ್ಲ, ಅದು ಸುಮ್ಮನೆಯೇ?

"ಬರ್ತೀನಿ ಅಮ್ ಬಶೀರ್," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಎದ್ದ.

ನಿಝಾರ್ ಲಬ್ಲಾಬಿ ಅಂಗಡಿಯಲ್ಲಿ ಕಾಯುತ್ತಿದ್ದ. ಇಬ್ಬರೂ ಬಟ್ಟಲಿಗೆ ಹಳೇ ರೊಟ್ಟಿ ಮುರಿದು ಹಾಕಿದರು. ಮೇಲೆ ಅಂಗಡಿಯವನು ಕಡಲೆಯ ಬಿಸಿ ಸಾರು ಸುರಿದ.

"ನಾನಲ್ಲ ಕಣೋ," ಎಂದ ನಿಝಾರ್, ಶುಕ್ರಿ ಕೇಳುವ ಮೊದಲೇ. "ನನ್ನ ಮುಖ ಹಾಗೆ ನೋಡ್ಬೇಡ."

"ನಾನೇನಾದ್ರೂ ಅಂದ್ನಾ?"

"ಕಣ್ಣಲ್ಲೇ ಅಂತಿದೀಯಲ್ಲ. ಕೇಳು. ಭಾನುವಾರ ಟೇಪು ಗೀಪು ಏನೂ ಬೇಡ. ಈದ್ ಸಂತೇಲಿ ಜನ ಕುರಿ ಹೇಗೆ ಕೊಳ್ತಾರೆ? ಮೊದಲು ಕಾಲು ನೋಡ್ತಾರೆ. ಕುಂಟು ಅಂತ ಸಣ್ಣ ಅನುಮಾನ ಬಂದ್ರೂ ಸಾಕು, ಮುಂದಿನ ಕುರಿಗೆ ಹೋಗ್ತಾರೆ. ಆ ಮನುಷ್ಯನಿಗೆ ಕಾಲಲ್ಲಿ ಬಿಳಿ ಪಟ್ಟಿ ಕಂಡ್ರೆ ನಿನ್ನ ಕಥೆ ಮುಗೀತು."

"ಮುಂದಿನ ಕುರಿ ಯಾರು, ನೀನಾ?"

ನಿಝಾರ್ ಚಮಚ ಕೆಳಗಿಟ್ಟ. "ಹಾರಿಸ್ಸಾ ಖಾರ ಜಾಸ್ತಿ ತಿಂದೆ ಅನ್ಸುತ್ತೆ, ತಲೆಗೇರಿದೆ," ಎಂದ. ನಕ್ಕ ಕೂಡ. ಆದರೆ ಆ ನಗು ಕಣ್ಣಿನವರೆಗೆ ಏರಲಿಲ್ಲ ಎಂದು ಶುಕ್ರಿಗೆ ಅನ್ನಿಸಿತು.

ಒಬ್ಬ ಕಟ್ಟು ಎನ್ನುತ್ತಾನೆ, ಇನ್ನೊಬ್ಬ ಬೇಡ ಎನ್ನುತ್ತಾನೆ. ಕಟ್ಟಿದರೆ ಹಾತಿಮ್ ಮುಖ ತಿರುಗಿಸುತ್ತಾರೆ, ನಿಝಾರನಿಗೆ ಲಾಭ. ಕಟ್ಟದಿದ್ದರೆ ಕಾಲು ಹೋಗುತ್ತದೆ, ಆಗಲೂ ನಿಝಾರನಿಗೇ ಲಾಭ. ಶುಕ್ರಿ ಆ ರಾತ್ರಿ ಎಷ್ಟು ತಿರುಗಿಸಿ ನೋಡಿದರೂ ದಾರಿ ನಿಝಾರನ ಬಾಗಿಲಿಗೇ ಹೋಗಿ ನಿಲ್ಲುತ್ತಿತ್ತು.

ಶನಿವಾರ ಮಧ್ಯಾಹ್ನ ಅನುಮಾನಕ್ಕೆ ಕೈಕಾಲು ಬಂತು. ಮೂಲೆಯ ಕಾಫಿ ಅಂಗಡಿಯಲ್ಲಿ ನಿಝಾರ್ ಒಬ್ಬನ ಜೊತೆ ಕೂತಿದ್ದ. ಬಂದರಿನ ತಂಡದ ಒಂಬತ್ತನೇ ನಂಬರಿನವನು, ನಿಝಾರನ ಸೋದರಮಾವನ ಮಗ. ನಿಝಾರ್ ತನ್ನ ಎಡಗಾಲನ್ನು ಎತ್ತಿ ಪಕ್ಕದ ಕುರ್ಚಿಯ ಮೇಲಿಟ್ಟು, ಶೂವಿನ ಮೇಲೆ ಕೈ ತಟ್ಟಿ ಏನೋ ಹೇಳಿದ. ಅವನು ಬಗ್ಗಿ ನೋಡಿದ. ಇಬ್ಬರೂ ನಕ್ಕರು. ಶೂ ಹೊಸದಾಗಿತ್ತು, ಅದನ್ನು ಶುಕ್ರಿಯೂ ನೋಡಿದ. ಆದರೆ ತೋರಿಸುವುದಕ್ಕೆ ಎಡಗಾಲೇ ಯಾಕೆ ಬೇಕಿತ್ತು?

ಉಪಾಯ ಹೊಳೆದದ್ದು ಅಲ್ಲೇ, ಗೋಡೆಯ ಮರೆಯಲ್ಲಿ ನಿಂತಾಗ.

ಭಾನುವಾರ ಅವನು ಅಮ್ ಬಶೀರರ ಹತ್ತಿರ ಹೋಗಲಿಲ್ಲ. ಶೌಚದ ಕೋಣೆಯಲ್ಲಿ ಚಿಲಕ ಹಾಕಿಕೊಂಡು ತಾನೇ ಟೇಪು ಸುತ್ತಿದ. ಬಲಗಾಲಿಗೆ. ಭಟ್ಟಿಯಿಂದ ಆಗಷ್ಟೇ ತೆಗೆದ ಹೂಜಿಯಂತೆ ಒಂದು ಗೀರೂ ಇಲ್ಲದ ಕಾಲಿಗೆ. ಕಾಲುಚೀಲದ ಮೇಲೆ ಬಿಳಿ ಅಂಚು ಒಂದು ಬೆರಳಷ್ಟು ಕಾಣುವಂತೆ ಬಿಟ್ಟ. ಎಡಗಾಲು ಬರಿದಾಗಿಯೇ ಉಳಿಯಿತು.

ಬಂದರಿನವರು ಮೋಸ ಮಾಡುವುದಿದ್ದರೆ ಪಟ್ಟಿ ಕಂಡ ಬಲಗಾಲನ್ನೇ ತುಳಿಯುತ್ತಾರೆ, ತುಳಿಯಲಿ. ಅಕಸ್ಮಾತ್ ಬರಿ ಎಡಗಾಲಿಗೇ ಬಂದರೆ, ಅಲ್ಲಿಗೆ ನಿಝಾರನ ಬಣ್ಣ ಬಯಲು. ಇನ್ನು ಹಾತಿಮ್ ಆಟ ಮುಗಿದ ಮೇಲೆ ಅನುಮಾನಪಟ್ಟು ಕೇಳಿದರೆ ಅವರೆದುರಿಗೇ ಪಟ್ಟಿ ಬಿಚ್ಚಿ, ಆ ಒಂದೇ ಕಾಲಿನ ಮೇಲೆ ಹತ್ತು ಸಲ ಕುಪ್ಪಳಿಸಿ ತೋರಿಸುವುದು. ಪಟ್ಟಿ ಇಲ್ಲದ ಕಾಲನ್ನು ಯಾರು ಮುಟ್ಟಿ ನೋಡುತ್ತಾರೆ? ಮೂರು ಹಕ್ಕಿಗೆ ಒಂದೇ ಬಲೆ ಎಂದು ಅವನಿಗೆ ತನ್ನ ಮೇಲೆ ತನಗೇ ಮೆಚ್ಚಿಕೆಯಾಯಿತು.

ಒಳಾಂಗಣ ಕ್ರೀಡಾಂಗಣ ತುಂಬಿತ್ತು. ಹಾತಿಮ್ ಎರಡನೇ ಸಾಲಿನಲ್ಲಿ ಕೂತಿದ್ದರು, ಬೂದು ಕೋಟು, ಕೈಯಲ್ಲಿ ಚಿಕ್ಕ ಪುಸ್ತಕ. ಮೊದಲ ಅರ್ಧದಲ್ಲಿ ಶುಕ್ರಿ ಐದು ಗೋಲು ಹೊಡೆದ. ಆದರೆ ಅವನ ಕಣ್ಣು ಚೆಂಡಿಗಿಂತ ಜಾಸ್ತಿ ಕಾಲುಗಳ ಮೇಲಿತ್ತು. ಒಂಬತ್ತನೇ ನಂಬರಿನವನ ಶೂ ಎಲ್ಲಿದೆ, ಎತ್ತ ತಿರುಗಿದೆ, ಹತ್ತಿರ ಬಂತೇ? ಬರಲಿಲ್ಲ. ಬಲಗಾಲಿಗೂ ಬರಲಿಲ್ಲ, ಎಡಗಾಲಿಗೂ ಬರಲಿಲ್ಲ. ಒಮ್ಮೆ ಶುಕ್ರಿ ಜಾರಿ ಬಿದ್ದಾಗ ಆ ಹುಡುಗನೇ ಕೈಕೊಟ್ಟು ಎಬ್ಬಿಸಿದ. ಶುಕ್ರಿಗೆ ಅದೂ ಹಿಡಿಸಲಿಲ್ಲ. ಇಷ್ಟು ಒಳ್ಳೆಯತನ ಯಾಕೆ? ಎರಡನೇ ಅರ್ಧಕ್ಕೆ ಇಟ್ಟುಕೊಂಡಿದ್ದಾನೆಯೇ?

ವಿರಾಮದಲ್ಲಿ ಅಮ್ ಬಶೀರ್ ಟೇಪಿನ ಸುರುಳಿ ಹಿಡಿದು ಬಂದರು. "ಕಾಲು ಕೊಡು ಮಗಾ, ಸಡಿಲ ಆಗಿರುತ್ತೆ."

"ಬೇಡ. ಗಟ್ಟಿಯಾಗಿದೆ."

ಎರಡನೇ ಅರ್ಧದ ಎಂಟನೇ ನಿಮಿಷ. ಚೆಂಡು ಕೈಗೆ ಬಂತು, ಎದುರಿಗೆ ದಾರಿ ತೆರೆದಿತ್ತು. ಮೂರು ಹೆಜ್ಜೆ ಓಡಿ, ಎಡಗಾಲು ಊರಿ ಹಾರಿದ. ಚೆಂಡು ಕೈಯಿಂದ ಚಿಮ್ಮಿತು. ಇಳಿಯುವಾಗ ನೆಲ ನೋಡಬೇಕಾದವನು ಒಂಬತ್ತನೇ ನಂಬರಿನವನ ಶೂ ಹುಡುಕಿದ. ಆ ಶೂ ನಾಲ್ಕು ಮಾರು ದೂರದಲ್ಲಿತ್ತು. ಸುತ್ತ ಯಾರೂ ಇರಲಿಲ್ಲ. ಎಡಗಾಲಿನ ಕಣಕಾಲು ತನ್ನಷ್ಟಕ್ಕೆ ತಾನೇ ಒಳಮಗ್ಗುಲಿಗೆ ಮಡಚಿಕೊಂಡಿತು. ಒಣಕಡ್ಡಿ ಮುರಿದಂಥ ಸದ್ದು ಮೊದಲು ಅವನಿಗೇ ಕೇಳಿಸಿತು.

ನಿಝಾರನೂ ಒಂಬತ್ತನೇ ನಂಬರಿನವನೂ ಎರಡು ಕಡೆ ತೋಳು ಕೊಟ್ಟು ಬೆಂಚಿಗೆ ತಂದು ಕೂರಿಸಿದರು. ಮುನ್ಸಿಫ್ ಹೆಚ್ಚು ಕೇಳದೆ ಶುಕ್ರಿಯ ಜಾಗಕ್ಕೆ ಇನ್ನೊಬ್ಬನನ್ನು ಇಳಿಸಿದ, ನಿಝಾರನನ್ನಲ್ಲ. ನಿಝಾರ್ ನೀರಿನ ಬಾಟಲಿ ಹಿಡಿದು ಅಲ್ಲೇ ನಿಂತಿದ್ದ. ಅಮ್ ಬಶೀರ್ ಮಂಡಿಯೂರಿ ಎಡಗಾಲಿನ ಚೀಲ ಕೆಳಗೆ ಸರಿಸಿದರು. ಬರಿ ಚರ್ಮ. ಆಗಲೇ ಮೊಟ್ಟೆಯಷ್ಟು ಊದಿತ್ತು. ಮುದುಕ ಬಲಗಾಲಿನ ಬಿಳಿ ಅಂಚನ್ನು ನೋಡಿದರು, ಮತ್ತೆ ಎಡಗಾಲನ್ನು ನೋಡಿದರು.

ಆಟ ಇನ್ನೂ ನಿಂತಿರುವಾಗಲೇ ಹಾತಿಮ್ ಮೆಟ್ಟಿಲಿಳಿದು ಬಂದರು.

"ಈ ಕಾಲು ಉಳುಕಿತ್ತು ಅಂತ ನನಗೆ ಗೊತ್ತಿತ್ತು," ಎಂದರು. "ಅಮ್ ಬಶೀರ್ ಮೂರು ವಾರದ ಹಿಂದೆನೇ ಫೋನ್ ಮಾಡಿ ಹೇಳಿದ್ರು. ನಿಮ್ಮ ಕೋಚಿಗೆ ಹೇಳಿದ್ದು ನಾನು. ಅದಕ್ಕೇನಂತೆ? ನಮ್ಮಲ್ಲಿ ಉಳುಕದೇ ಇರೋ ಕಾಲು ಹುಡುಕಿದ್ರೆ ನಾಲ್ಕು ಸಿಗಲ್ಲ. ಅದಕ್ಕೇ ಎಲ್ಲರೂ ಎರಡೂ ಕಾಲಿಗೆ ಕಟ್ಕೊಂಡು ಇಳೀತಾರೆ. ಕಟ್ಟದೇ ಬಂದವನನ್ನ ನಾನೇ ವಾಪಸ್ ಕಳಿಸ್ತೀನಿ."

ಮುನ್ಸಿಫ್ ಅಂಕಣದ ಕಡೆ ಮುಖ ಮಾಡಿ ನಿಂತಿದ್ದ, ಕೇಳಿಸದವನ ಹಾಗೆ.

"ಶುಕ್ರವಾರ ಅದನ್ನೇ ಹೇಳೋಕೆ ಬಂದೆ ಮಗಾ," ಎಂದರು ಅಮ್ ಬಶೀರ್ ಮೆಲ್ಲಗೆ. "ನೀನು ಎದ್ದು ಹೋದೆ."

ಹಾತಿಮ್ ಬೆಂಚಿನ ತುದಿಯಲ್ಲಿ ಕೂತರು. "ಗಾಯ ಆರುತ್ತೆ. ಎರಡು ತಿಂಗಳು ಅನ್ನು. ಬೇಸಿಗೆ ಮುಗಿಯೋ ಹೊತ್ತಿಗೆ ನಾನು ಇನ್ನೊಂದ್ಸಲ ಬರ್ತೀನಿ. ಐದು ಗೋಲು ನೋಡಿದೀನಿ, ಅಷ್ಟು ಸಾಕು. ಆದ್ರೆ ಒಂದು ಮಾತು ನನಗೆ ತಿಳೀಬೇಕು. ನೋವಿರೋ ಕಾಲು ಬಿಟ್ಟು, ಸರಿಯಿರೋ ಕಾಲಿಗೆ ಯಾಕೆ ಕಟ್ಕೊಂಡೆ?"

ಕೇಳಿದ ದನಿಯಲ್ಲಿ ಕೋಪವಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಎಲ್ಲರೂ ಕಾಯುತ್ತಿದ್ದರು. ಮಂಡಿಯೂರಿದ ಮುದುಕ, ಬಾಟಲಿ ಹಿಡಿದ ನಿಝಾರ್, ತೋಳು ಕೊಟ್ಟ ಬಂದರಿನ ಹುಡುಗ. ನಿಜ ಹೇಳಬೇಕೆಂದರೆ ಈ ಮೂವರ ಮುಖ ನೋಡಿಕೊಂಡೇ ಹೇಳಬೇಕು. ನಿಮ್ಮಲ್ಲಿ ಯಾರು ನನ್ನ ಕಾಲು ಮುರಿಯುತ್ತೀರಿ ಎಂದು ಪರೀಕ್ಷೆ ಮಾಡುತ್ತಿದ್ದೆ ಎನ್ನಬೇಕು.

"ಗಾಬರೀಲಿ ಕಾಲು ಅದಲುಬದಲಾಯ್ತು ಅನ್ನೋ," ಎಂದು ನಿಝಾರ್ ಬಗ್ಗಿ ಕಿವಿಯಲ್ಲಿ ಪಿಸುಗುಟ್ಟಿದ. "ಅಷ್ಟು ಅಂದ್ರೆ ಸಾಕು."

ಇವನ ಹತ್ತಿರ ಉತ್ತರ ಇಷ್ಟು ಬೇಗ ಹೇಗೆ ಸಿದ್ಧವಾಯಿತು? ಶುಕ್ರಿ ಅವನ ಮುಖ ನೋಡಿದ. ಬೆವರು, ಹೆದರಿಕೆ, ಇನ್ನೇನೂ ಕಾಣಲಿಲ್ಲ. ಏನೂ ಕಾಣದಿದ್ದದ್ದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಹೇಳಪ್ಪಾ," ಎಂದರು ಹಾತಿಮ್.

ಶುಕ್ರಿ ಬೆಂಚು ಹಿಡಿದು ಎದ್ದ. ಅಮ್ ಬಶೀರ್ ಚಾಚಿದ ಕೈಯನ್ನು ದಾಟಿ, ಗೋಡೆಗೆ ಅಂಗೈ ಊರಿದ. ಎಡಗಾಲನ್ನು ನೆಲಕ್ಕೆ ತಾಗಿಸದೆ ಪಕ್ಕದ ಬಾಗಿಲಿನ ಕಡೆ ಕುಂಟಿಕೊಂಡು ಹೊರಟ. ಹಿಂದಿನಿಂದ ಹಾತಿಮ್ ಮತ್ತೊಮ್ಮೆ ಅವನ ಹೆಸರು ಹಿಡಿದು ಕರೆದರು. ಅವನು ಬಾಗಿಲನ್ನು ಭುಜದಿಂದ ತಳ್ಳಿ ಹೊರಗೆ ಹೋದ.