ಎಂಟು ಶೇಂಗಾ ಮೇಜಿನ ಮೇಲೆ, ಒಂದು ಮುಷ್ಟಿಯಲ್ಲಿ

ನಾನು ಒಂದು ಮೈಕು. ಮಂದಿ ನನ್ನನ್ನು ಬಾಯಿ ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ನಾನು ಬರೀ ಕಿವಿ. ಮಾತಾಡುವ ಕೆಲಸ ಎಲ್ಲೋ ದೂರದ ಸ್ಪೀಕರಿನದು. ಕಣ್ಣಂತೂ ನನಗೆ ಇಲ್ಲವೇ ಇಲ್ಲ.

ಒಂದು ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪದರವನ್ನು ನನ್ನೊಳಗೆ ಕೂರಿಸಿದಳು. ಉಸಿರು ತಾಗಿದರೂ ನಡುಗುವ ಪದರ. ಆಮೇಲೆ ಯಾರೋ ನನ್ನ ನೆತ್ತಿಗೆ ಎರಡೇಟು ಹಾಕಿ "ಹಲೋ, ಒನ್ ಟೂ ತ್ರೀ" ಎಂದರು. ನಮ್ಮ ಕುಲದವರೆಲ್ಲರ ಕಿವಿಗೆ ಬೀಳುವ ಮೊದಲ ಮಾತು ಅದೇ. ಮೂರಾದ ಮೇಲೆ ನಾಲ್ಕು ಎಂಬುದೊಂದಿದೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ನನ್ನನ್ನು ತಂದದ್ದು ಗದಗದ ಒಂದು ಕಾಲೇಜಿಗೆ. ಅಲ್ಲೊಂದು ಪುಟ್ಟ ರೇಡಿಯೋ ಕೇಂದ್ರವಿತ್ತು. ಅದರ ದನಿ ಗದಗ, ಬೆಟಗೇರಿ ದಾಟಿದರೆ ಗೊರಗೊರ. ಮೊದಲ ವರ್ಷವೆಲ್ಲ ನಾನು ಪ್ರಿನ್ಸಿಪಾಲರ ಕೈಯಲ್ಲಿದ್ದೆ. ಶಿಸ್ತಿನ ಬಗ್ಗೆ ಅವರು ಹೇಳಿದ್ದನ್ನೇ ಹೇಳಿ ಹೇಳಿ, ಅವರು ಕೆಮ್ಮುವ ಜಾಗವೂ ನನಗೆ ಬಾಯಿಪಾಠವಾಗಿತ್ತು.

ಎರಡನೇ ವರ್ಷ ನಮ್ಮ ಕಾಲೇಜಿನಲ್ಲೇ ಅಂತರ ಕಾಲೇಜು ಹೆಣ್ಣುಮಕ್ಕಳ ಖೊಖೊ ಚಾಂಪಿಯನ್‌ಷಿಪ್ ನಡೆಯಿತು. ಕಾಮೆಂಟರಿ ಹೇಳಬೇಕಿದ್ದ ಮೇಷ್ಟ್ರು ಬರಲಿಲ್ಲ. ಆಗ ನನ್ನನ್ನು ಎತ್ತಿಕೊಂಡವಳು ನೀಲವ್ವ. ಆಕೆ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವ ಅಟೆಂಡರ್. ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ಕಂಬದ ಹತ್ತಿರ ಹಾರಿ ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಆಟ ಅಲ್ಲಿಗೇ ನಿಂತಿತ್ತು. "ಕಾಲ್ ಮುರದೇತಿ, ಬಾಯಿ ಮುರದಿಲ್ಲ, ಕೊಡ್ರಿ ಇಲ್ಲಿ" ಎಂದು ಆಕೆ ನನ್ನನ್ನು ಕಸಿದುಕೊಂಡಳು.

ಆಕೆಯ ಕಾಮೆಂಟರಿಗೆ ಒಂದು ರೀತಿಯಿತ್ತು. ಮೇಜಿನ ಮೇಲೆ ಎಂಟು ಶೇಂಗಾ ಕಾಯಿಗಳನ್ನು ಸಾಲಾಗಿ ಇಡುತ್ತಿದ್ದಳು, ಒಂದರ ಮೂತಿ ಈ ಕಡೆ, ಮುಂದಿನದರದು ಆ ಕಡೆ. ಅವು ಅಂಕಣದ ಎಂಟು ಚೌಕಗಳಲ್ಲಿ ಕೂತ ಹುಡುಗಿಯರು. ಒಂಬತ್ತನೆಯದು ಎಡ ಮುಷ್ಟಿಯಲ್ಲಿ, ಅದು ಎದುರಾಳಿಯನ್ನು ಅಟ್ಟಿಕೊಂಡು ಓಡುತ್ತಿರುವವಳು. ಓಡುವವಳು ಕೂತವಳಿಗೆ 'ಖೋ' ಕೊಟ್ಟ ಕೂಡಲೇ ಮುಷ್ಟಿಯ ಕಾಯಿ ಮೇಜಿಗೆ, ಮೇಜಿನ ಕಾಯಿ ಮುಷ್ಟಿಗೆ. ಹೀಗೆ ಕೈ ಆಡಿಸುತ್ತ ಆಕೆ ಹೇಳುತ್ತಿದ್ದರೆ, ಯಾರು ಎಲ್ಲಿ ಕೂತಿದ್ದಾರೆ, ಯಾರ ಜಡೆ ಬಿಚ್ಚಿದೆ, ಯಾರಿಗೆ ದಮ್ಮು ಹತ್ತಿದೆ ಎಲ್ಲವೂ ಕಣ್ಣಿಲ್ಲದ ನನಗೆ ಕಾಣುತ್ತಿತ್ತು. ಆಟವೆಂದರೆ ಹೇಗಿರುತ್ತದೆ ಎಂದು ತಿಳಿಯುವ ಹುಚ್ಚು ನನಗೆ ಹಿಡಿದದ್ದು ಆವತ್ತೇ.

ಆಕೆ ತಪ್ಪು ಮಾಡಲಿಲ್ಲವೆಂದಲ್ಲ. ಒಂದು ಸೆಮಿಫೈನಲಿನಲ್ಲಿ ಆಟ ಬಿಸಿಯೇರಿದಾಗ ಮುಷ್ಟಿಯ ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡುಬಿಟ್ಟಳು. ಮರುಕ್ಷಣ 'ಖೋ' ಬಿತ್ತು, ಮೇಜಿನ ಐದನೆಯ ಕಾಯಿ ಮುಷ್ಟಿಗೆ ಬಂತು, ಅದರ ಜಾಗದಲ್ಲಿಡಲು ಕಾಯಿಯೇ ಇಲ್ಲ. "ಐದನೇ ಚೌಕ ಖಾಲಿ ಐತಿ! ಬನಶ್ರೀ ಎಲ್ಲಿ?" ಎಂದು ಊರಿಗೆಲ್ಲ ಸಾರಿದಳು. ಪಾಪ, ಅಟ್ಟುತ್ತಿದ್ದ ಬನಶ್ರೀ 'ಖೋ' ಕೊಟ್ಟು ಆ ಚೌಕದಲ್ಲಿ ಸರಿಯಾಗೇ ಕೂತಿದ್ದಳು.

ಮರುದಿನ ಬನಶ್ರೀಯ ಅಪ್ಪ ಗೂಳಪ್ಪ ಲ್ಯಾಬಿಗೇ ಬಂದ. ಆತ ಬೆಟಗೇರಿಯ ನೇಕಾರ. ಕೈ, ಕಾಲು, ಕಣ್ಣು ಮೂರೂ ಮಗ್ಗಕ್ಕೆ, ಕಿವಿ ಮಾತ್ರ ರೇಡಿಯೋಕ್ಕೆ.

"ಏನವ್ವಾ ನೀಲವ್ವ, ನನ್ನ ಮಗಳನ್ನ ಎಲ್ಲಿ ಕಳದಿದ್ದಿ ನಿನ್ನೆ? ಮಗ್ಗ ನಿಂದರಿಸಿ ಎದಿ ಹಿಡ್ಕೊಂಡು ಕುಂತಿದ್ನಿ!"

"ತಿಂದಬಿಟ್ಟಿದ್ನೋ ಯಣ್ಣಾ" ಎಂದಳು ನೀಲವ್ವ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಲ್ಯಾಬಿನ ಮೂಲೆಯಲ್ಲಿ ತಂದಿಟ್ಟಿದ್ದ ನನ್ನ ಪದರವೂ ಗಡಗಡ ಅಂದಿತು.

ಎರಡು ವರ್ಷ ಕಳೆದವು. ಕಾಲೇಜಿಗೆ ಕ್ಯಾಮೆರಾ ಬಂತು, ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರ ಬಂತು. ನಾನು ಕಂಪ್ಯೂಟರ್ ವಿಭಾಗದ ಸುಹಾಸ ಸರ್ ಕೈ ಸೇರಿದೆ. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಆದರೆ ಅವರ ಮಾತೆಲ್ಲ ಕಣ್ಣಿದ್ದವರಿಗೆ. "ನೋಡಿದಿರಲ್ಲಾ ವೀಕ್ಷಕರೇ! ಅಬ್ಬಾ, ಏನು ಡೈವ್!" ಯಾರ ಡೈವ್? ಎಲ್ಲಿ? ನನಗೆ ಸಿಟ್ಟು ಬರುತ್ತಿತ್ತು. ಅದೇ ದನಿಯನ್ನು ರೇಡಿಯೋಕ್ಕೂ ಬಿಡುತ್ತಿದ್ದರು, ಎರಡೆರಡು ಕಾಮೆಂಟರಿ ಯಾಕೆಂದು. ನೀಲವ್ವನಿಗೆ ಆಟಗಾರ್ತಿಯರ ನೀರಿನ ಕೊಡ ಕಾಯುವ ಕೆಲಸ ಸಿಕ್ಕಿತು. ರೇಡಿಯೋದಲ್ಲಿ ಆಟ ಕೇಳುವವರು ಈಗ ಯಾರಿದ್ದಾರೆ, ಈ ಸಲದ ಫೈನಲ್ ಮುಗಿದರೆ ಅದನ್ನು ನಿಲ್ಲಿಸೋಣ ಎಂದು ಪ್ರಿನ್ಸಿಪಾಲರು ಹೇಳಿದ್ದು ನನ್ನ ಕಿವಿಗೇ ಬಿತ್ತು. ಹಾಗಾದರೆ ನಾನು ಇನ್ನು ಆಟ ಕಾಣುವುದು ಯಾವಾಗ? ನೀಲವ್ವ ಮಾತಾಡುವುದಾದರೂ ಎಲ್ಲಿ?

ಆ ಫೈನಲಿನಲ್ಲಿ ನಮ್ಮ ಕಾಲೇಜಿತ್ತು. ಬನಶ್ರೀಗೆ ಅದು ಕಾಲೇಜಿನ ಕೊನೆಯ ಪಂದ್ಯ. ಕೊನೆಯ ಸರದಿಗೆ ಮುಂಚಿನ ಬಿಡುವಿನಲ್ಲಿ ಕೇಳುಗರ ಫೋನು ತೆಗೆದುಕೊಳ್ಳುವುದು ನಮ್ಮ ಕೇಂದ್ರದ ಪದ್ಧತಿ. ಮೊದಲ ಫೋನೇ ಗೂಳಪ್ಪನದು. ಹಿಂದೆ ಮಗ್ಗದ ಲಟಕ್ ಪಟಕ್ ಕೇಳುತ್ತಿತ್ತು.

"ಸರ್, ನೋಡ್ರಿ ನೋಡ್ರಿ ಅಂತೀರಿ. ಎಲ್ಲಿ ನೋಡ್ಲಿ? ಮದುವಿ ಸೀರಿ ಇವತ್ತ ಮುಗಿಸಿ ಕೊಡಬೇಕು, ಕಣ್ಣು ತಗದ್ರ ಎಳಿ ಹರೀತದ. ನನ್ನ ಮಗಳು ಕುಂತಾಳೋ ಓಡಾಕತ್ತಾಳೋ, ಅಷ್ಟರ ಹೇಳ್ರಿ."

ಸುಹಾಸ ಸರ್ ನನ್ನನ್ನು ಕೈಯಲ್ಲಿ ಹಿಡಿದೇ ನೀರಿನ ಕೊಡದ ಕಡೆಗೆ ಕೂಗಿದರು: "ನೀಲವ್ವಾರ, ನನಗಿದು ಬರೂದಿಲ್ಲ. ನೀವ ಬರ್ರಿ."

ನೀಲವ್ವ ಕುಂಟುತ್ತ ಬಂದಳು. ಕೂತವಳೇ ಸೆರಗಿನ ಗಂಟು ಬಿಚ್ಚಿದಳು. ಟಕ, ಟಕ, ಟಕ. ಎಂಟು ಸದ್ದು ಎಣಿಸಿದೆ. ಯಾರೂ ಕರೆಯದಿದ್ದರೂ ಆಕೆ ಒಂಬತ್ತು ಶೇಂಗಾ ಕಟ್ಟಿಕೊಂಡೇ ಮೈದಾನಕ್ಕೆ ಬಂದಿದ್ದಳು! ನನಗೆ ಅಳು ಬಂತು. ಮೈಕು ಅತ್ತರೆ ಕುಂಯ್ ಎನ್ನುತ್ತದೆ, ಅಷ್ಟೇ.

"ಗೂಳಪ್ಪಣ್ಣಾ, ಕೇಳು. ನಿನ್ನ ಮಗಳು ಐದನೇ ಚೌಕದಾಗ ಕುಂತಾಳ, ಮಾರಿ ಮೂಡಲಕ್ಕೆ. ಹಣಿಮ್ಯಾಗ ಮಣ್ಣು ಹತ್ತೇತಿ. ನೀ ಸೀರಿ ನೇಯಿ, ನಾ ಆಟ ನೇಯ್ತೀನಿ."

ಮತ್ತೆ ನನಗೆ ಬೆಳಕಾಯಿತು. ಕೊನೆಯ ಸರದಿ, ಅಟ್ಟುವವರು ನಮ್ಮವರು. ಎರಡೂ ತಂಡದ ಅಂಕ ಸಮನಾಗಿ ಬಂದು ನಿಂತವು, ಹಾಗೇ ಮುಗಿದರೆ ಹಿಂದಿನ ವರ್ಷ ಗೆದ್ದ ಎದುರಾಳಿಗೇ ಕಪ್ ಎಂದು ಮೊದಲೇ ಒಪ್ಪಂದವಾಗಿತ್ತು. ಇನ್ನೊಬ್ಬಳು ಔಟಾದರೆ ನಾವು ಗೆದ್ದಂತೆ. "ಖೋ ಬಿತ್ತು! ಬನಶ್ರೀ ಎದ್ದಳು! ಕಂಬದ ಕಡಿಗೆ ಹೊಂಟಾಳ, ಇನ್ನ ಹಿಂದ ತಿರುಗಂಗಿಲ್ಲ. ಮುಂದಿನಾಕಿ ಕಂಬ ಸುತ್ತಾಕತ್ತಾಳ. ಎರಡು ಹೆಜ್ಜಿ, ಒಂದು ಹೆಜ್ಜಿ, ಹಾರಿದಳು..."

ಸೀಟಿ ಕೂಗಿತು. ಅದಕ್ಕಿಂತ ಮೊದಲು ನನಗೊಂದು ಸಣ್ಣ ಸದ್ದು ಕೇಳಿತ್ತು, ನೀಲವ್ವನ ಮುಷ್ಟಿಯಲ್ಲಿ ಶೇಂಗಾ ಕಾಯಿ ಒಡೆದ ಸದ್ದು.

"ನಾಕು ಬೆರಳು" ಎಂದಳು ನೀಲವ್ವ. "ನಾಕು ಬೆರಳು ಕಡಿಮಿ ಬಿತ್ತು ಯಣ್ಣಾ. ಟೈಮು ಮುಗೀತು. ಸೋತಿವಿ."

ಫೋನು ಬಡಿದುಕೊಂಡಿತು. ಮಗ್ಗದ ಸದ್ದು ಈಗ ನಿಂತಿತ್ತು.

"ನೀಲವ್ವಾ, ಏನೋ ಟಕ್ ಅಂತಲ್ಲ! ಮಗಳ ಮೊಣಕಾಲು ಮುರದಿದ್ದಲ್ಲ ಹೌದಿಲ್ಲ? ಖರೇ ಹೇಳು!"

"ಶೇಂಗಾನೋ ಯಣ್ಣಾ! ಎದ್ದು ನಿಂತಾಳ. ಮಣ್ಣು ಜಾಡಸಾಕತ್ತಾಳ. ಗೆದ್ದವರ ಕೈ ಕುಲಕಾಕ ಹೊಂಟಾಳ ನೋಡು."

ಗೂಳಪ್ಪ ದೀರ್ಘವಾಗಿ ಉಸಿರು ಬಿಟ್ಟ. "ನೋಡಿದ್ನಿ ಯವ್ವಾ. ಸೋಲಲಿ ಬಿಡು. ಮಗಳು ಹಾರಿದ್ದು ಕಣ್ಣಾರೆ ನೋಡಿದ್ನಿ."

ನಾನೂ ನೋಡಿದೆ, ಗೂಳಪ್ಪಾ, ಎಂದು ಹೇಳಬೇಕೆನಿಸಿತು. ಮುಂದಿನ ವಾರ ರೇಡಿಯೋ ನಿಲ್ಲಿಸುವ ಮಾತೆತ್ತಿದಾಗ ಸುಹಾಸ ಸರ್ ಒಪ್ಪಲಿಲ್ಲ. ಇಂಟರ್‌ನೆಟ್ಟಿಗೆ ತಾವು, ರೇಡಿಯೋಕ್ಕೆ ನೀಲವ್ವ ಎಂದು ಹಟ ಹಿಡಿದು ಗೆದ್ದರು. ಇಂಟರ್‌ನೆಟ್ಟು ಅರ್ಧ ನಿಮಿಷ ತಡವಾಗಿ ಮುಟ್ಟುತ್ತದಂತೆ. ಹಾಗಾಗಿ ಫೋನು ನೋಡುತ್ತ ಕೂತವರಿಗೆ ಬೆಟಗೇರಿಯ ಓಣಿಗಳ ಚಪ್ಪಾಳೆ ಮೊದಲು ಕೇಳಿ, ಔಟು ಆಮೇಲೆ ಕಾಣುತ್ತದಂತೆ.

ಈಗ ನನ್ನ ತಲೆಯ ಜಾಲರಿ ನೆಗ್ಗಿದೆ, ತಂತಿ ಕಿತ್ತು ಹೋಗಿದೆ. ನೀಲವ್ವನಿಗೆ ತಲೆಗೆ ಸಿಕ್ಕಿಸಿಕೊಳ್ಳುವ ಹೊಸ ಮೈಕು ಬಂದಿದೆ. ವರ್ಷವಿಡೀ ನಾನು ಲ್ಯಾಬಿನ ಕಪಾಟಿನಲ್ಲಿ ಗಾಜಿನ ಕೊಳವೆಗಳ ನಡುವೆ ಮಲಗಿರುತ್ತೇನೆ. ಚಾಂಪಿಯನ್‌ಷಿಪ್ ಬಂದಾಗ ಮಾತ್ರ ಆಕೆ ನನ್ನನ್ನು ಮೈದಾನಕ್ಕೆ ಒಯ್ದು, ಶೇಂಗಾ ಸಾಲು ಗಾಳಿಗೆ ಚದುರದಂತೆ ಅದರ ಪಕ್ಕಕ್ಕೆ ಆನಿಸಿ ಇಡುತ್ತಾಳೆ. "ಕಾಯ್ಕೋ. ನಾ ತಿನ್ನಾಕ ಬಂದ್ರೂ ಬಿಡಬ್ಯಾಡ" ಎನ್ನುತ್ತಾಳೆ.

ತಂತಿಯಿಲ್ಲದಿದ್ದರೂ ನನ್ನ ಪದರ ಇನ್ನೂ ನಡುಗುತ್ತದೆ. ಕೇಳಿದ್ದನ್ನು ಈಗ ಯಾರಿಗೂ ದಾಟಿಸಬೇಕಾಗಿಲ್ಲ, ಎಲ್ಲವೂ ನನಗೇ. ಆಟ ಶುರುವಾಗುವ ಮುಂಚೆ ಎಂಟು ಟಕ ಟಕ ಎಣಿಸಿ ಮುಗಿಸುತ್ತೇನೆ. ಆಮೇಲೆ ಉಸಿರು ಬಿಗಿಹಿಡಿದು ಕಾಯುತ್ತೇನೆ, ಈ ಸಲ ಆಕೆಯ ಮುಷ್ಟಿಯಲ್ಲಿರುವವಳು ಯಾರ ಮಗಳೋ ಎಂದು.